ಹಳೆ ಟ್ರ್ಯಾಕ್ಟರ್‌ನ ವೈರಿಂಗ್ ತೊಂದರೆ ಹುಡುಕುವುದು ಹೇಗೆ: ಬ್ಯಾಟರಿಯಿಂದ ಲೈಟಿನವರೆಗೆ ಹಂತ ಹಂತವಾಗಿ

ಹೊಸ ಬ್ಯಾಟರಿ ಹಾಕಿದ್ದಾಯ್ತು, ಸೆಲ್ಫ್ ಮೋಟಾರ್ ಬಿಚ್ಚಿ ರಿಪೇರಿ ಮಾಡಿಸಿದ್ದಾಯ್ತು, ಆದರೂ ಬೆಳಿಗ್ಗೆ ಕೀ ತಿರುಗಿಸಿದರೆ ‘ಟಕ್’ ಅಂತ ಒಂದೇ ಸದ್ದು. ಹಳೆ ಟ್ರ್ಯಾಕ್ಟರ್ ಇಟ್ಟುಕೊಂಡವರು ಈ ಮಾತು ಹೇಳುತ್ತಲೇ ಇರುತ್ತಾರೆ. ತೊಂದರೆ ಎಲ್ಲಿದೆ ಅಂತ ನೋಡದೆ ಅನುಮಾನ ಬಂದ ಪಾರ್ಟನ್ನೆಲ್ಲ ಬದಲಿಸುತ್ತಾ ಹೋದರೆ ಹೀಗೇ ಆಗುವುದು. ಎಷ್ಟೋ ಸಲ ಪಾರ್ಟ್ ಚೆನ್ನಾಗೇ ಇರುತ್ತದೆ, ಅದಕ್ಕೆ ಕರೆಂಟ್ ತಲುಪಿಸುವ ದಾರಿ ಕೆಟ್ಟಿರುತ್ತದೆ.

ಈ ಕೆಲಸದಲ್ಲಿ ಎರಡು ವಿಷಯ ಮುಖ್ಯ. ಮೊದಲನೆಯದು ಕ್ರಮ: ಬ್ಯಾಟರಿ, ಕೇಬಲ್, ಸೆಲ್ಫ್, ಚಾರ್ಜಿಂಗ್, ಆಮೇಲೆ ಲೈಟು. ಹಿಂದಿನ ಹಂತ ಸರಿ ಇದೆ ಅಂತ ಖಾತ್ರಿ ಆಗುವ ತನಕ ಮುಂದಕ್ಕೆ ಹೋಗಬೇಡಿ. ಎರಡನೆಯದು, ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು. ಸುಮ್ನೆ ನಿಂತ ಗಾಡಿಯಲ್ಲಿ ಮೀಟರ್ ಹಿಡಿದರೆ ಎಲ್ಲವೂ ಸರಿ ಇದ್ದಂತೆಯೇ ಕಾಣುತ್ತದೆ.

## ಕೈಯಲ್ಲಿ ಏನೇನು ಇರಬೇಕು

ಡಿಜಿಟಲ್ ಮಲ್ಟಿಮೀಟರ್ ಒಂದು ಬೇಕೇ ಬೇಕು. ದುಬಾರಿಯದು ಬೇಡ. ಡಿಸಿ ವೋಲ್ಟ್, ಎಸಿ ವೋಲ್ಟ್, ಓಮ್ ಮತ್ತು 10 ಆಂಪಿಯರ್ ತನಕ ಅಳೆಯುವ ಜಾಗ ಇದ್ದರೆ ಸಾಕು.

ಟೆಸ್ಟ್ ಲ್ಯಾಂಪ್ ಅಂಗಡಿಯಿಂದ ತರುವ ಬದಲು ನೀವೇ ಮಾಡಿಕೊಳ್ಳಿ. 12 ವೋಲ್ಟಿನ 21 ವ್ಯಾಟ್ ಇಂಡಿಕೇಟರ್ ಬಲ್ಬಿಗೆ ಎರಡು ಉದ್ದ ವೈರ್ ಬೆಸುಗೆ ಹಾಕಿ, ತುದಿಗೆ ಕ್ಲಿಪ್ ಸಿಕ್ಕಿಸಿದರೆ ಆಯ್ತು. ಇದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಹಾಗಾಗಿ ಒಂದೇ ಎಳೆ ತಂತಿ ಉಳಿದಿರುವ ವೈರಿನಲ್ಲಿ ಮೀಟರ್ 12 ವೋಲ್ಟ್ ತೋರಿಸಿದರೂ ಈ ಬಲ್ಬ್ ಮಂಕಾಗಿ ಉರಿದು ನಿಜ ಹೇಳಿಬಿಡುತ್ತದೆ.

ಇನ್ನು ಹೈಡ್ರೋಮೀಟರ್ (ಬ್ಯಾಟರಿ ಆಸಿಡ್ಡಿನ ಸಾಂದ್ರತೆ ಅಳೆಯುವ ಕೊಳವೆ), ವೈರ್ ಬ್ರಷ್, ಸ್ಯಾಂಡ್ ಪೇಪರ್, ಸ್ಪ್ಯಾನರ್ ಸೆಟ್, ಡಿಸ್ಟಿಲ್ಡ್ ವಾಟರ್, ಅಡುಗೆ ಸೋಡಾ, ವ್ಯಾಸಲಿನ್, ಸರಿಯಾದ ಅಳತೆಯ ಒಂದಷ್ಟು ಫ್ಯೂಸು, ಲಗ್ಗು (ವೈರಿನ ತುದಿಗೆ ಹಾಕುವ ಲೋಹದ ಕಣ್ಣಿ), ಅವನ್ನು ಒತ್ತುವ ಕ್ರಿಂಪಿಂಗ್ ಪ್ಲೇಯರ್. ಕಣ್ಣಿಗೆ ಕನ್ನಡಕ. ಸಾಧ್ಯವಾದರೆ ನಿಮ್ಮ ಮಾಡೆಲಿನ ವೈರಿಂಗ್ ನಕ್ಷೆ. ಆದರೆ ವೈರಿನ ಬಣ್ಣವನ್ನು ಪೂರ್ತಿ ನಂಬಬೇಡಿ. ಹಳೆ ಗಾಡಿಯಲ್ಲಿ ಇಷ್ಟು ವರ್ಷ ಯಾರ್ಯಾರೋ ಕೈಯಾಡಿಸಿರುತ್ತಾರೆ, ಕೈಗೆ ಸಿಕ್ಕ ಬಣ್ಣದ ವೈರ್ ಹಾಕಿರುತ್ತಾರೆ.

## ಮುಟ್ಟುವ ಮೊದಲು

ಇದನ್ನು ಓದದೆ ಮುಂದೆ ಹೋಗಬೇಡಿ.

ಸೆಲ್ಫ್ ಮೋಟಾರಿನ ಎರಡು ಬೋಲ್ಟಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸ್ಟಾರ್ಟ್ ಮಾಡುವ ಅಭ್ಯಾಸ ಬಹಳ ಜನಕ್ಕೆ ಇದೆ. ಹಾಗೆ ಮಾಡಿದಾಗ ಗೇರ್ ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡುವ ಸೇಫ್ಟಿ ಸ್ವಿಚ್ಚಿಗೆ ಕೆಲಸವೇ ಇರುವುದಿಲ್ಲ. ಗೇರ್ ಬಿದ್ದಿದ್ದರೆ ಇಂಜಿನ್ ಹಿಡಿದ ತಕ್ಷಣ ಟ್ರ್ಯಾಕ್ಟರ್ ಮುಂದಕ್ಕೆ ಹೊರಡುತ್ತದೆ. ನೀವು ನಿಂತಿರುವುದು ಹಿಂದಿನ ದೊಡ್ಡ ಚಕ್ರದ ಎದುರಿಗೇ. ಹೀಗೆ ಜನ ಸತ್ತಿದ್ದಾರೆ, ಈಗಲೂ ಸಾಯುತ್ತಿದ್ದಾರೆ. ಸೆಲ್ಫನ್ನು ಸೀಟಿನ ಮೇಲೆ ಕೂತೇ ಹೊಡೆಯಿರಿ. ಮೀಟರ್ ಹಿಡಿಯಲು ಇನ್ನೊಬ್ಬರನ್ನು ಕರೆದುಕೊಳ್ಳಿ. ಅವರು ಚಕ್ರದ ಮುಂದಾಗಲಿ ಹಿಂದಾಗಲಿ ನಿಲ್ಲಬಾರದು. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು, ಪಿಟಿಓ (ಹಿಂದೆ ಕಟ್ಟಿದ ಉಪಕರಣ ತಿರುಗಿಸುವ ಶಾಫ್ಟ್) ಆಫ್.

ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಒಂದು ಕಿಡಿ ಸಾಕು, ಬ್ಯಾಟರಿ ಒಡೆದು ಆಸಿಡ್ ಮುಖಕ್ಕೆ ಹಾರುತ್ತದೆ. ಬೀಡಿ, ಸಿಗರೇಟು ದೂರ ಇರಲಿ. ಉಂಗುರ, ಕೈಗಡಿಯಾರ ಬಿಚ್ಚಿಡಿ. ಬ್ಯಾಟರಿ ಬಿಚ್ಚುವಾಗ ಅರ್ಥ್ ಕೇಬಲ್ (ಬಾಡಿಗೆ ಹೋಗುವುದು) ಮೊದಲು, ಹಾಕುವಾಗ ಅದೇ ಕೊನೆಗೆ. ಹೀಗೆ ಮಾಡಿದರೆ ಸ್ಪ್ಯಾನರ್ ಜಾರಿ ಬಾಡಿಗೆ ತಾಗಿದರೂ ಶಾರ್ಟ್ ಆಗುವುದಿಲ್ಲ. ಆಸಿಡ್ ಮೈಗೆ ಬಿದ್ದರೆ ಕೂಡಲೇ ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ನೀರು ಹಾಕುತ್ತಲೇ ಇರಿ, ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ.

## ಹಂತ 1: ನಿಮ್ಮ ಗಾಡಿಯಲ್ಲಿ ಏನಿದೆ ಎಂದು ತಿಳಿದುಕೊಳ್ಳಿ

ಮೂರು ಪ್ರಶ್ನೆಗೆ ಉತ್ತರ ಬೇಕು. ಸಿಸ್ಟಂ 6 ವೋಲ್ಟೋ 12 ವೋಲ್ಟೋ? ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ? ಚಾರ್ಜ್ ಮಾಡುವುದು ಡೈನಮೋನೋ ಆಲ್ಟರ್ನೇಟರೋ?

ಹಳೆಯ ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಪಾಸಿಟಿವ್ ತುದಿಯನ್ನೇ ಬಾಡಿಗೆ ಕೊಟ್ಟಿರುತ್ತಾರೆ. ಕಪ್ಪು ಕೇಬಲ್ ಅಂದರೆ ನೆಗೆಟಿವ್ ಎಂದುಕೊಂಡು ಬ್ಯಾಟರಿ ಕೂರಿಸಿದರೆ ಉಲ್ಟಾ ಆಗುತ್ತದೆ. ಡೈನಮೋ ಇದ್ದರೆ ಕಟೌಟಿಗೆ (ಬ್ಯಾಟರಿಯ ಕರೆಂಟ್ ಡೈನಮೋಗೆ ವಾಪಸ್ ಹರಿಯದಂತೆ ತಡೆಯುವ ಸ್ವಿಚ್) ಪೆಟ್ಟು ಬೀಳಬಹುದು. ಆಲ್ಟರ್ನೇಟರ್ ಇದ್ದರಂತೂ ಅದರೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್‌ಗಳು ಆ ಕ್ಷಣವೇ ಸುಟ್ಟುಹೋಗುತ್ತವೆ. ಬ್ಯಾಟರಿಯ ಮೇಲಿರುವ + ಗುರುತು ನೋಡಿ, ಆ ಕೇಬಲ್ ಎಲ್ಲಿಗೆ ಹೋಗುತ್ತದೆ ಎಂದು ಕೈಯಲ್ಲೇ ಹಿಡಿದು ಹಿಂಬಾಲಿಸಿ.

ಡೈನಮೋ ಉದ್ದನೆಯ ಕೊಳವೆಯಂತೆ ಇರುತ್ತದೆ, ಅದರ ಜತೆಗೆ ಬೇರೆ ಕಡೆ ಒಂದು ಕಟೌಟ್ ಡಬ್ಬಿ ಇರುತ್ತದೆ. ಆಲ್ಟರ್ನೇಟರ್ ಗಿಡ್ಡ, ದಪ್ಪ. ಮೈತುಂಬ ಗಾಳಿ ಕಿಂಡಿ.

ಕೆಳಗೆ ಕೊಟ್ಟ ವೋಲ್ಟೇಜ್ ಅಂಕಿಗಳೆಲ್ಲ 12 ವೋಲ್ಟ್ ಗಾಡಿಯವು. 6 ವೋಲ್ಟ್ ಗಾಡಿ ಆದರೆ ಸುಮಾರು ಅರ್ಧ ಮಾಡಿಕೊಳ್ಳಿ. ನಾನು ನೆಗೆಟಿವ್ ಅರ್ಥ್ ಇದೆ ಎಂದೇ ಬರೆಯುತ್ತಿದ್ದೇನೆ, ನಿಮ್ಮದು ಉಲ್ಟಾ ಇದ್ದರೆ ಮೀಟರ್ ವೈರ್ ಅದಲು ಬದಲು ಮಾಡಿ.

## ಹಂತ 2: ಬ್ಯಾಟರಿ

ಇಂಜಿನ್ ನಿಲ್ಲಿಸಿ ಕೆಲವು ಗಂಟೆ ಆದಮೇಲೆ ಅಳೆಯಿರಿ. ಅಷ್ಟು ಕಾಯಲು ಆಗದಿದ್ದರೆ ಹೆಡ್‌ಲೈಟನ್ನು ಎರಡು ನಿಮಿಷ ಉರಿಸಿ, ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಈಗ ತಾನೇ ಚಾರ್ಜ್ ಆದ ಬ್ಯಾಟರಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ.

12.6 ವೋಲ್ಟ್ ಅಥವಾ ಮೇಲೆ ಇದ್ದರೆ ಪೂರ್ತಿ ಚಾರ್ಜ್. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲುಭಾಗ. 12 ವೋಲ್ಟ್ ಬ್ಯಾಟರಿಯಲ್ಲಿ 12 ಇದೆಯಲ್ಲ, ಸರಿ ಇದೆ ಅಂದುಕೊಳ್ಳುವವರು ಬಹಳ. ಸರಿ ಇಲ್ಲ, ಅದು ಹೆಚ್ಚುಕಡಿಮೆ ಖಾಲಿ. ಮೊದಲು ಪೂರ್ತಿ ಚಾರ್ಜ್ ಮಾಡಿ, ಆಮೇಲೆ ಬೇರೆ ಪರೀಕ್ಷೆ. ಅರ್ಧ ಖಾಲಿಯಾದ ಬ್ಯಾಟರಿ ಇಟ್ಟುಕೊಂಡು ಮುಂದಿನ ಯಾವ ಅಳತೆ ತೆಗೆದರೂ ದಾರಿ ತಪ್ಪುತ್ತೀರಿ.

ಮುಚ್ಚಳ ಬಿಚ್ಚುವಂಥ ಬ್ಯಾಟರಿ ಆದರೆ ಆರೂ ಸೆಲ್‌ಗಳಲ್ಲಿ ಹೈಡ್ರೋಮೀಟರ್ ಹಿಡಿಯಿರಿ. ಪೂರ್ತಿ ಚಾರ್ಜಿಗೆ 1.265 ರಿಂದ 1.280 ಬರಬೇಕು. ಐದರಲ್ಲಿ 1.260 ಇದ್ದು ಒಂದರಲ್ಲಿ ಮಾತ್ರ 1.200 ಬಂದರೆ ಆ ಸೆಲ್ ಹೋಗಿದೆ ಎಂದೇ ಲೆಕ್ಕ. ಸೆಲ್‌ಗಳ ನಡುವೆ 0.050 ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಆ ಬ್ಯಾಟರಿಯನ್ನು ನಂಬಬೇಡಿ. ನೀರು ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ನಲ್ಲಿ ನೀರು ಬೇಡ, ಆಸಿಡ್ಡಂತೂ ಬೇಡವೇ ಬೇಡ. ಚಾರ್ಜಿಗೆ ಇಡುವ ಮುನ್ನ ಪ್ಲೇಟ್ ಮುಳುಗುವಷ್ಟು ಹಾಕಿದರೆ ಸಾಕು. ಉಳಿದದ್ದು ಚಾರ್ಜ್ ಆದಮೇಲೆ.

ಇನ್ನು ನಿಜವಾದ ಪರೀಕ್ಷೆ. ಡೀಸೆಲ್ ಗಾಡಿ ಆದರೆ ಸ್ಟಾಪ್ ನಾಬ್ ಎಳೆದು ಹಿಡಿಯಿರಿ, ಇಂಜಿನ್ ಹಿಡಿಯಬಾರದು. ಮೀಟರನ್ನು ಬ್ಯಾಟರಿಯ ಸೀಸದ ಗೂಟಕ್ಕೇ ಹಿಡಿಯಿರಿ, ಕ್ಲ್ಯಾಂಪಿಗಲ್ಲ. ಸೆಲ್ಫ್ ಹೊಡೆಯುತ್ತಿರುವಾಗ ವೋಲ್ಟೇಜ್ 9.6 ಕ್ಕಿಂತ ಕೆಳಗೆ ಇಳಿಯಬಾರದು. 10 ರ ಮೇಲೆ ನಿಂತರೆ ಬ್ಯಾಟರಿ ಗಟ್ಟಿಯಾಗಿದೆ. ಸುಮ್ನೆ ಇದ್ದಾಗ 12.6 ತೋರಿಸಿ ಸೆಲ್ಫ್ ಹೊಡೆದ ತಕ್ಷಣ 7 ಕ್ಕೆ ಬಿದ್ದರೆ ಬ್ಯಾಟರಿ ಒಳಗೇ ಸತ್ತಿರಬಹುದು, ಇಲ್ಲವೇ ಸೆಲ್ಫ್ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತಿರಬಹುದು. ಚೆನ್ನಾಗಿದೆ ಎಂದು ಗೊತ್ತಿರುವ ಬೇರೆ ಬ್ಯಾಟರಿ ಹಾಕಿ ನೋಡಿದರೆ ಯಾವುದು ಎಂದು ಗೊತ್ತಾಗುತ್ತದೆ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಒಂದೆರಡು ನಿಮಿಷ ಬಿಡಿ. ಮೋಟಾರ್ ಬಿಸಿಯಾಗಿ ಸುಡುತ್ತದೆ.

## ಹಂತ 3: ಕ್ಲ್ಯಾಂಪ್, ಕೇಬಲ್, ಅರ್ಥ್

ಹೆಚ್ಚಿನ ತೊಂದರೆ ಸಿಗುವುದು ಇಲ್ಲೇ, ಜನ ಬಿಟ್ಟು ಮುಂದೆ ಹೋಗುವುದೂ ಇದನ್ನೇ. ಸ್ವಲ್ಪ ನಿಧಾನವಾಗಿ ನೋಡೋಣ.

ಡೀಸೆಲ್ ಟ್ರ್ಯಾಕ್ಟರಿನ ಸೆಲ್ಫ್ ಮೋಟಾರ್ ಸುಲಭವಾಗಿ 250 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಎಲ್ಲೋ ಒಂದು ಕಡೆ 0.01 ಓಮ್ ಅಡ್ಡಿ ಇದೆ ಎಂದುಕೊಳ್ಳಿ. 250 ಅನ್ನು 0.01 ರಿಂದ ಗುಣಿಸಿದರೆ 2.5 ವೋಲ್ಟ್. ಅಷ್ಟೂ ಅಲ್ಲೇ ಬಿಸಿಯಾಗಿ ಹಾಳಾಗುತ್ತದೆ, ಮೋಟಾರಿಗೆ ಉಳಿಯುವುದು ಏಳೂವರೆ ಎಂಟು ವೋಲ್ಟ್. ಆದರೆ ಈ 0.01 ಓಮನ್ನು ಮಲ್ಟಿಮೀಟರಿನಲ್ಲಿ ಓಮ್ ಜಾಗಕ್ಕೆ ಇಟ್ಟು ಹಿಡಿಯಲು ಆಗುವುದೇ ಇಲ್ಲ. ಮೀಟರಿನ ಎರಡು ವೈರಿನಲ್ಲೇ ಅದಕ್ಕಿಂತ ಹತ್ತು ಪಟ್ಟು ಅಡ್ಡಿ ಇರುತ್ತದೆ. ‘ಬೀಪ್’ ಬಂತು, ಕೇಬಲ್ ಚೆನ್ನಾಗಿದೆ ಅನ್ನುವ ತೀರ್ಮಾನ ತಪ್ಪಾಗುವುದು ಇದಕ್ಕೇ.

ಸರಿಯಾದ ಕ್ರಮ ಹೀಗೆ. ಮೀಟರ್ ಡಿಸಿ ವೋಲ್ಟಿಗೆ ಇಡಿ. ಸ್ಟಾಪ್ ನಾಬ್ ಎಳೆದಿರಲಿ. ಒಬ್ಬರು ಸೀಟಿನ ಮೇಲೆ ಕೂತು ಸೆಲ್ಫ್ ಹೊಡೆಯಲಿ.

1. ಮೀಟರಿನ ಒಂದು ತುದಿ ಬ್ಯಾಟರಿಯ ಪಾಸಿಟಿವ್ ಗೂಟಕ್ಕೆ, ಇನ್ನೊಂದು ಸೆಲ್ಫ್ ಮೋಟಾರಿನೊಳಗೆ ಹೋಗುವ ದಪ್ಪ ಬೋಲ್ಟಿಗೆ. ಸೆಲ್ಫ್ ತಿರುಗುವಾಗ 0.5 ವೋಲ್ಟಿಗಿಂತ ಕಡಿಮೆ ಬರಬೇಕು.

2. ಒಂದು ತುದಿ ಬ್ಯಾಟರಿಯ ನೆಗೆಟಿವ್ ಗೂಟಕ್ಕೆ, ಇನ್ನೊಂದು ಸೆಲ್ಫ್ ಮೋಟಾರಿನ ಮೈಗೆ. ಪೇಂಟ್ ಇಲ್ಲದ ಜಾಗ ಕೆರೆದುಕೊಂಡು ಹಿಡಿಯಿರಿ. ಇಲ್ಲಿ 0.3 ಕ್ಕಿಂತ ಕಡಿಮೆ ಬರಬೇಕು.

ಎರಡರಲ್ಲಿ ಯಾವುದಾದರೂ ಜಾಸ್ತಿ ಬಂದರೆ ಕಳ್ಳ ಆ ಕಡೆಯೇ ಇದ್ದಾನೆ. ಈಗ ಒಂದೊಂದು ಜೋಡಣೆಯ ಎರಡೂ ಬದಿಗೆ ಮೀಟರ್ ಹಿಡಿಯುತ್ತಾ ಹೋಗಿ: ಗೂಟದಿಂದ ಕ್ಲ್ಯಾಂಪಿಗೆ, ಕ್ಲ್ಯಾಂಪಿನಿಂದ ಕೇಬಲ್ಲಿನ ಇನ್ನೊಂದು ತುದಿಗೆ, ಸೊಲೆನಾಯ್ಡಿನ (ಕೀ ತಿರುಗಿಸಿದಾಗ ಸೆಲ್ಫ್ ಮೋಟಾರಿಗೆ ಕರೆಂಟ್ ಸೇರಿಸುವ ಸ್ವಿಚ್) ಒಂದು ಬೋಲ್ಟಿನಿಂದ ಇನ್ನೊಂದಕ್ಕೆ. ಚೆನ್ನಾಗಿರುವ ಜೋಡಣೆಯಲ್ಲಿ 0.1 ರ ಒಳಗೆ ಇರುತ್ತದೆ. ಎಲ್ಲಿ ಅಂಕಿ ಎದ್ದು ಕಾಣುತ್ತದೋ ಅಲ್ಲೇ ಬಿಚ್ಚಿ.

ಬಿಚ್ಚಿದಾಗ ಏನು ಕಾಣುತ್ತದೆ? ಹೊರಗಿಂದ ಫಳಫಳ ಅನ್ನುವ ಕ್ಲ್ಯಾಂಪಿನ ಒಳಮೈ ನೋಡಿ. ಗೂಟದ ಸುತ್ತ ಬೂದು ಮಿಶ್ರಿತ ಕಪ್ಪು ಪೊರೆ ಒಂದು ಕೂತಿರುತ್ತದೆ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಅದರ ಮೇಲೆ ಬೋಲ್ಟನ್ನು ಎಷ್ಟು ಬಿಗಿದರೂ ಕರೆಂಟ್ ದಾಟುವುದಿಲ್ಲ. ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ತೊಳೆಯಿರಿ, ಸೆಲ್ಲಿನೊಳಗೆ ಒಂದು ಹನಿಯೂ ಬೀಳದಂತೆ ನೋಡಿಕೊಳ್ಳಿ. ಆಮೇಲೆ ಹೊಳೆಯುವ ಸೀಸ ಕಾಣುವ ತನಕ ಉಜ್ಜಿ. ಬಿಗಿಯಾಗಿ ಕೂರಿಸಿದ ಮೇಲೆ ಹೊರಗಿನಿಂದ ವ್ಯಾಸಲಿನ್ ಹಚ್ಚಿ. ಮೊದಲು ಹಚ್ಚಿ ಆಮೇಲೆ ಕೂರಿಸುವುದಲ್ಲ.

ಕೇಬಲ್ಲಿನ ಲಗ್ ಹತ್ತಿರದ ರಬ್ಬರನ್ನು ಹಿಂಡಿ ನೋಡಿ. ಒಳಗೆ ಕರಕರ ಅಂದರೆ ಅಥವಾ ಅಲ್ಲಿ ಉಬ್ಬಿದ್ದರೆ ಒಂದಿಂಚು ಸೀಳಿ ನೋಡಿ. ಹಸಿರು ಪುಡಿ ಕಂಡರೆ ಆ ಕೇಬಲ್ ಮುಗಿಯಿತು. ಅದನ್ನು ಕೆರೆದು ಉಳಿಸಲು ಹೋಗಬೇಡಿ, ಹಸಿರು ಒಳಗೆ ಇನ್ನೂ ಎಷ್ಟು ದೂರ ಹೋಗಿದೆಯೋ ಕಾಣುವುದಿಲ್ಲ.

ಅರ್ಥ್ ಪಟ್ಟಿ ಬಾಡಿಗೆ ಸೇರುವ ಜಾಗದಲ್ಲಿ ಪೇಂಟ್, ಗ್ರೀಸ್, ತುಕ್ಕು ಇದ್ದೇ ಇರುತ್ತದೆ. ಗಾಡಿಗೆ ಹೊಸ ಪೇಂಟ್ ಹೊಡೆಸಿದ ಮೇಲೆ ಸೆಲ್ಫ್ ತಗೊಳ್ತಿಲ್ಲ ಅಂದರೆ ಮೊದಲು ಇಲ್ಲೇ ನೋಡಿ. ಲಗ್ಗಿನ ಕೆಳಗೂ ಬೋಲ್ಟಿನ ಕೆಳಗೂ ಬರಿ ಲೋಹ ಕಾಣುವಂತೆ ಉಜ್ಜಿ. ನನ್ನನ್ನು ಕೇಳಿದರೆ ಬ್ಯಾಟರಿಯ ನೆಗೆಟಿವ್‌ನಿಂದ ಸೆಲ್ಫ್ ಮೋಟಾರಿನ ಫಿಕ್ಸಿಂಗ್ ಬೋಲ್ಟಿಗೇ ನೇರವಾಗಿ ಇನ್ನೊಂದು ದಪ್ಪ ಕೇಬಲ್ ಎಳೆಯುವುದು ಹಳೆ ಗಾಡಿಗೆ ಮಾಡಬಹುದಾದ ಒಳ್ಳೆಯ ಕೆಲಸ.

ಇನ್ನೊಂದು ಗುರುತು: ಸೆಲ್ಫ್ ಹೊಡೆದು ನಿಲ್ಲಿಸಿದ ಕೂಡಲೇ ಒಂದೊಂದೇ ಜೋಡಣೆಯ ಹತ್ತಿರ ಕೈ ತನ್ನಿ. ಬಿಸಿ ಇರುವ ಜೋಡಣೆಯೇ ಕೆಟ್ಟದ್ದು. ಜೋರಾಗಿ ಒತ್ತಿ ಹಿಡಿಯಬೇಡಿ, ಕೆಲವೊಮ್ಮೆ ಸುಡುವಷ್ಟು ಕಾದಿರುತ್ತದೆ.

## ಹಂತ 4: ಸೆಲ್ಫ್

ಹಂತ 2, 3 ಪಾಸಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಸದ್ದನ್ನು ಕೇಳಿಸಿಕೊಳ್ಳಿ, ಅರ್ಧ ಉತ್ತರ ಅದರಲ್ಲೇ ಇದೆ.

ಟಕಟಕಟಕ ಅಂತ ಬೇಗ ಬೇಗ ಬಡಿದರೆ: ವೋಲ್ಟೇಜ್ ಸಾಲುತ್ತಿಲ್ಲ. ಸೊಲೆನಾಯ್ಡ್ ಹಿಡಿಯುತ್ತದೆ, ಮೋಟಾರ್ ಕರೆಂಟ್ ಎಳೆದ ತಕ್ಷಣ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಹಂತ 2, 3 ಕ್ಕೆ ವಾಪಸ್ ಹೋಗಿ.

ಒಂದೇ ಸಲ ‘ಟಕ್’: ಸೊಲೆನಾಯ್ಡ್ ಎಳೆಯಿತು, ಮೋಟಾರ್ ತಿರುಗಲಿಲ್ಲ. ಕೀ ಸ್ಟಾರ್ಟ್ ಜಾಗದಲ್ಲಿ ಇದ್ದಾಗ ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ನಡುವೆ ಅಳೆಯಿರಿ. 12 ರ ಹತ್ತಿರ ಬಂದರೆ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸೇರುತ್ತಿಲ್ಲ ಎಂದರ್ಥ. ವರ್ಷಗಟ್ಟಲೆ ಕಿಡಿ ಹಾರಿ ಹಾರಿ ತಾಮ್ರದ ಮೈಮೇಲೆ ಗುಳಿ ಬಿದ್ದು ಕರ್ರಗಾಗಿರುತ್ತದೆ. ಬದಲಿಗೆ ಅಂಕಿ ಸೊನ್ನೆಯ ಹತ್ತಿರ ಇದ್ದು ಮೋಟಾರಿನ ಬೋಲ್ಟಿಗೂ ಅದರ ಮೈಗೂ ನಡುವೆ ಪೂರ್ತಿ ವೋಲ್ಟೇಜ್ ಇದ್ದರೆ ತೊಂದರೆ ಮೋಟಾರಿನೊಳಗೆ: ಕಾರ್ಬನ್ ಬ್ರಷ್ ಸವೆದಿದೆ, ಅಥವಾ ಬ್ರಷ್ ಗೂಡಿನಲ್ಲಿ ಸಿಕ್ಕಿಕೊಂಡಿದೆ. ಸುತ್ತಿಗೆಯ ಹಿಡಿಯಿಂದ ಮೋಟಾರಿನ ಮೈಗೆ ಮೆಲ್ಲಗೆ ತಟ್ಟಿದಾಗ ಒಮ್ಮೆ ತಿರುಗಿತು ಅಂದರೆ ಬ್ರಷ್ಷೇ ಎಂದು ಹೆಚ್ಚುಕಡಿಮೆ ಖಾತ್ರಿ. ಆದರೆ ತಟ್ಟಿ ತಟ್ಟಿ ಸೀಸನ್ ದಾಟಿಸಬೇಡಿ, ಬಿಚ್ಚಿ ಬ್ರಷ್ ಹಾಕಿ.

ಸದ್ದೇ ಇಲ್ಲ: ಸೊಲೆನಾಯ್ಡಿನ ಸಣ್ಣ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದು ಕೀ ತಿರುಗಿಸಿ. ಲ್ಯಾಂಪ್ ಚೆನ್ನಾಗಿ ಉರಿದರೆ ಸೊಲೆನಾಯ್ಡ್ ಹೋಗಿದೆ ಅಥವಾ ಅದಕ್ಕೆ ಅರ್ಥ್ ಇಲ್ಲ. ಉರಿಯದಿದ್ದರೆ ಹಿಂದಕ್ಕೆ ಹೋಗಿ: ಗೇರಿನ ಅಥವಾ ಕ್ಲಚ್ಚಿನ ಸೇಫ್ಟಿ ಸ್ವಿಚ್, ಆಮೇಲೆ ಕೀ ಸ್ವಿಚ್, ಆಮೇಲೆ ಫ್ಯೂಸ್. ಪ್ರತಿಯೊಂದರಲ್ಲೂ ಕರೆಂಟ್ ಒಳಗೆ ಬರುತ್ತಿದೆಯೇ, ಹೊರಗೆ ಹೋಗುತ್ತಿದೆಯೇ ಎಂದು ನೋಡಿ. ಸೇಫ್ಟಿ ಸ್ವಿಚ್ ಕೆಟ್ಟಿದ್ದರೆ ಹೊಸದು ಹಾಕಿ. ಎರಡು ವೈರ್ ತಿರುಚಿ ಡೈರೆಕ್ಟ್ ಮಾಡಿ ಹಾಗೇ ಬಿಡಬೇಡಿ, ಯಾಕೆ ಎಂದು ಮೇಲೆ ಬರೆದಿದ್ದೇನೆ.

ಗುಂಯ್ ಅಂತ ಸುಮ್ನೆ ತಿರುಗಿ ಇಂಜಿನ್ ತಿರುಗದಿದ್ದರೆ: ಇದು ವೈರಿಂಗ್ ತೊಂದರೆ ಅಲ್ಲ. ಬೆಂಡಿಕ್ಸ್ (ಸೆಲ್ಫ್ ಮೋಟಾರಿನ ಗೇರನ್ನು ಫ್ಲೈವೀಲಿಗೆ ಸೇರಿಸುವ ಭಾಗ) ಜಾರುತ್ತಿದೆ ಅಥವಾ ಫ್ಲೈವೀಲಿನ ಹಲ್ಲು ಹೋಗಿದೆ.

ಸೆಲ್ಫ್ ಜೋರಾಗಿ ತಿರುಗುತ್ತದೆ, ಡೀಸೆಲ್ ಇದೆ, ಏರ್ ಹಿಡಿದಿಲ್ಲ, ಆದರೂ ಇಂಜಿನ್ ಹಿಡಿಯುತ್ತಿಲ್ಲವೇ? ನಿಮ್ಮ ಡೀಸೆಲ್ ಪಂಪಿಗೆ ಕರೆಂಟಿನ ಸ್ಟಾಪ್ ಸೊಲೆನಾಯ್ಡ್ ಇದ್ದರೆ ಕೀ ಹಾಕಿದಾಗ ಅದು ಸಣ್ಣಗೆ ಟಕ್ ಅನ್ನುತ್ತದೆಯೇ ಕೇಳಿ.

## ಹಂತ 5: ಚಾರ್ಜ್ ಆಗುತ್ತಿದೆಯೇ

ಬೆಲ್ಟ್ ಮೊದಲು. ನಡುವೆ ಹೆಬ್ಬೆರಳಿನಿಂದ ಒತ್ತಿದರೆ 10 ರಿಂದ 12 ಮಿಲಿಮೀಟರ್ ಬಗ್ಗಬೇಕು. ಒಳಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ಜಾರುತ್ತಿದೆ.

ಆಲ್ಟರ್ನೇಟರ್ ಇದ್ದರೆ: ಇಂಜಿನ್ ಓಡುತ್ತಿರುವಾಗ, ಸ್ವಲ್ಪ ರೇಸ್ ಕೊಟ್ಟು, ಬ್ಯಾಟರಿ ಗೂಟದಲ್ಲಿ ಅಳೆಯಿರಿ. 13.8 ರಿಂದ 14.4 ಬರಬೇಕು. ಹೆಡ್‌ಲೈಟ್ ಹಾಕಿದ ಮೇಲೂ 13.5 ರ ಮೇಲೆ ನಿಂತರೆ ಚಾರ್ಜಿಂಗ್ ಚೆನ್ನಾಗಿದೆ. 15 ದಾಟಿದರೆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿಯ ನೀರು ಪದೇ ಪದೇ ಕಡಿಮೆ ಆಗುವುದು, ಬಲ್ಬುಗಳು ಸಾಲಾಗಿ ಹೋಗುವುದು ಇದರ ಮುನ್ಸೂಚನೆ.

ಚಾರ್ಜ್ ಇಲ್ಲವೇ ಇಲ್ಲ ಅಂದರೆ ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ಲೈಟ್ ನೋಡಿ. ಕೀ ಹಾಕಿದಾಗ ಅದು ಉರಿಯಬೇಕು, ಇಂಜಿನ್ ಹಿಡಿದ ಮೇಲೆ ಆರಬೇಕು. ಎಷ್ಟೋ ಆಲ್ಟರ್ನೇಟರ್‌ಗಳು ಕೆಲಸ ಶುರು ಮಾಡಲು ಬೇಕಾದ ಚೂರು ಕರೆಂಟ್ ಆ ಬಲ್ಬಿನ ಮೂಲಕವೇ ಹೋಗುವುದು. ಬಲ್ಬ್ ಹೋಗಿದ್ದರೆ ಚಾರ್ಜಿಂಗೂ ಇಲ್ಲ. ಎಷ್ಟು ಜನ ಒಂದು ಸಣ್ಣ ಬಲ್ಬಿಗಾಗಿ ಇಡೀ ಆಲ್ಟರ್ನೇಟರ್ ಬದಲಿಸಿದ್ದಾರೋ!

ಆಲ್ಟರ್ನೇಟರಿನ ಹಿಂದಿನ ದಪ್ಪ ಬೋಲ್ಟಿನಲ್ಲಿ 14.4 ಇದ್ದು ಬ್ಯಾಟರಿಯಲ್ಲಿ 13.2 ಇದ್ದರೆ ನಡುವಿನ ವೈರ್ ಕೆಟ್ಟಿದೆ. ಡಯೋಡ್ ಅನುಮಾನ ಇದ್ದರೆ ಇಂಜಿನ್ ಓಡುವಾಗ ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಬ್ಯಾಟರಿಗೆ ಹಿಡಿಯಿರಿ. 0.5 ವೋಲ್ಟಿಗಿಂತ ಜಾಸ್ತಿ ಬಂದರೆ ಡಯೋಡ್ ಹೋಗಿರುವ ಸಾಧ್ಯತೆ ಜಾಸ್ತಿ.

ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಕೇಬಲ್ ಕಿತ್ತು ‘ಚಾರ್ಜ್ ಆಗುತ್ತಿದೆಯಾ ನೋಡೋಣ’ ಅನ್ನುವ ಪರೀಕ್ಷೆ ಡೈನಮೋ ಕಾಲದಿಂದ ಬಂದದ್ದು. ಆಲ್ಟರ್ನೇಟರ್ ಮೇಲೆ ಅದನ್ನು ಯಾವತ್ತೂ ಮಾಡಬೇಡಿ. ವೋಲ್ಟೇಜ್ ಒಮ್ಮೆಲೇ ಎಗರಿ ಡಯೋಡ್ ಸುಡುತ್ತದೆ. ಗಾಡಿಗೆ ವೆಲ್ಡಿಂಗ್ ಮಾಡಿಸುವಾಗಲೂ ಬ್ಯಾಟರಿ ಮತ್ತು ಆಲ್ಟರ್ನೇಟರ್ ವೈರ್ ಬಿಚ್ಚಿಡಿ.

ಡೈನಮೋ ಇದ್ದರೆ: ಎರಡು ಟರ್ಮಿನಲ್ ಇರುತ್ತವೆ, ದೊಡ್ಡದು ಡಿ, ಸಣ್ಣದು ಎಫ್. ಎರಡೂ ವೈರ್ ಬಿಚ್ಚಿ, ಟರ್ಮಿನಲ್‌ಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ. ಮೀಟರಿನ ಒಂದು ತುದಿ ಅಲ್ಲಿಗೆ, ಇನ್ನೊಂದು ಬಾಡಿಗೆ. ಇಂಜಿನ್ ನಿಧಾನಕ್ಕೆ ಓಡಿಸಿ, ಸ್ವಲ್ಪ ಸ್ವಲ್ಪವೇ ರೇಸ್ ಏರಿಸಿ. ವೋಲ್ಟೇಜ್ ಸರಸರ ಏರಬೇಕು. 20 ದಾಟಲು ಬಿಡಬೇಡಿ, ಇಂಜಿನ್ ಜೋರು ಮಾಡಬೇಡಿ. ಏರಿತು ಅಂದರೆ ಡೈನಮೋ ಚೆನ್ನಾಗಿದೆ, ಕಟೌಟ್ ಡಬ್ಬಿ ಅಥವಾ ವೈರ್ ನೋಡಿ. ಏನೂ ಬರದಿದ್ದರೆ ಬ್ರಷ್. 1 ವೋಲ್ಟಿನ ಆಸುಪಾಸಿನಲ್ಲೇ ನಿಂತರೆ ಫೀಲ್ಡ್ ವೈಂಡಿಂಗ್ (ಒಳಗಿನ ತಿರುಗದ ಸುರುಳಿ). 4 ರಿಂದ 6 ಕ್ಕೆ ನಿಂತರೆ ಆರ್ಮೇಚರ್ (ತಿರುಗುವ ಸುರುಳಿ).

ಇದು ಫೀಲ್ಡಿನ ಒಂದು ತುದಿ ಡೈನಮೋ ಒಳಗೇ ಅರ್ಥ್ ಆಗಿರುವ ಮಾದರಿಗೆ ಮಾತ್ರ. ಕೆಲವದರಲ್ಲಿ ಆ ತುದಿ ರೆಗ್ಯುಲೇಟರ್ ಮೂಲಕ ಅರ್ಥ್ ಆಗುತ್ತದೆ, ಅವಕ್ಕೆ ಪರೀಕ್ಷೆಯೇ ಬೇರೆ. ನಿಮ್ಮದು ಯಾವುದು ಎಂದು ಮ್ಯಾನ್ಯುಯಲ್ ನೋಡಿಯೇ ಕೈ ಹಾಕಿ.

ಡೈನಮೋ ಇರುವ ಗಾಡಿಗೆ ಒಂದು ಲೆಕ್ಕ ತಿಳಿದಿರಲಿ. ಹಳೆಯ ಸಣ್ಣ ಡೈನಮೋಗಳು ಕೊಡುವುದು ಸುಮಾರು 11 ಆಂಪಿಯರ್, ದೊಡ್ಡವು 22 ರ ತನಕ. 55 ವ್ಯಾಟಿನ ಎರಡು ಹೆಡ್‌ಲೈಟ್ 9 ಆಂಪಿಯರ್ ತಿನ್ನುತ್ತವೆ. ಹಿಂದೆ ಉಳುಮೆಗೆ ಇನ್ನೆರಡು ಲೈಟ್ ಹಾಕಿಸಿದರೆ 18. ರಾತ್ರಿಯಿಡೀ ಓಡಿಸಿದ ಗಾಡಿ ಬೆಳಿಗ್ಗೆ ಸೆಲ್ಫ್ ತಗೊಳ್ಳದಿದ್ದರೆ ಏನೂ ಕೆಟ್ಟಿಲ್ಲ, ಬರುವುದಕ್ಕಿಂತ ಖರ್ಚು ಜಾಸ್ತಿ, ಅಷ್ಟೇ. ಎಲ್‌ಇಡಿ ಲೈಟ್ ಹಾಕಿ.

## ಹಂತ 6: ನಿಲ್ಲಿಸಿಟ್ಟರೆ ಬ್ಯಾಟರಿ ಇಳಿಯುತ್ತಿದ್ದರೆ

ಕೀ ಆಫ್, ಎಲ್ಲಾ ಸ್ವಿಚ್ ಆಫ್. ಅರ್ಥ್ ಕ್ಲ್ಯಾಂಪ್ ಬಿಚ್ಚಿ, ಕ್ಲ್ಯಾಂಪಿಗೂ ಗೂಟಕ್ಕೂ ನಡುವೆ ಟೆಸ್ಟ್ ಲ್ಯಾಂಪ್ ಸೇರಿಸಿ. ಉರಿದರೆ ದೊಡ್ಡ ಸೋರಿಕೆ. ಉರಿಯದಿದ್ದರೆ ಲ್ಯಾಂಪ್ ತೆಗೆದು ಮೀಟರನ್ನು 10 ಆಂಪಿಯರ್ ಜಾಗಕ್ಕೆ ಇಟ್ಟು ಸೇರಿಸಿ. ಎಲೆಕ್ಟ್ರಾನಿಕ್ಸ್ ಇಲ್ಲದ ಹಳೆ ಗಾಡಿಯಲ್ಲಿ ಸೊನ್ನೆಯೇ ಬರಬೇಕು. ರೇಡಿಯೋ ಏನಾದರೂ ಇದ್ದರೆ 0.05 ರ ತನಕ ಸರಿ. ಮೀಟರ್ ಹೀಗೆ ಸೇರಿಸಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರ್ ಹೋಗುತ್ತದೆ.

80 ಆಂಪಿಯರ್ ಅವರ್ ಬ್ಯಾಟರಿಯಿಂದ ಬರಿ 1 ಆಂಪಿಯರ್ ಸೋರಿದರೂ 80 ಗಂಟೆಯಲ್ಲಿ ಪೂರ್ತಿ ಖಾಲಿ. ಸೆಲ್ಫ್ ತಗೊಳ್ಳದ ಮಟ್ಟಕ್ಕೆ ಬರಲು ಅಷ್ಟೂ ಬೇಡ.

ಈಗ ಒಂದೊಂದೇ ಫ್ಯೂಸ್ ಕೀಳಿ. ಯಾವುದು ಕಿತ್ತಾಗ ಅಂಕಿ ಬಿತ್ತೋ ಸೋರಿಕೆ ಆ ಸಾಲಿನಲ್ಲಿದೆ. ಎಲ್ಲಾ ಕಿತ್ತರೂ ಇಳಿಯದಿದ್ದರೆ ಆಲ್ಟರ್ನೇಟರಿನ ದಪ್ಪ ವೈರ್ ಬಿಚ್ಚಿ, ಡಯೋಡ್ ಸೋರುತ್ತಿರಬಹುದು. ವೈರ್ ಬಿಚ್ಚುವ ಮೊದಲು ಬ್ಯಾಟರಿ ಪೂರ್ತಿ ಬೇರ್ಪಡಿಸಿ, ವೈರಿನ ತುದಿಗೆ ಟೇಪ್ ಸುತ್ತಿ, ಆಮೇಲೆ ಮೀಟರ್ ಮತ್ತೆ ಸೇರಿಸಿ. ಡೈನಮೋ ಗಾಡಿಯಲ್ಲಿ ಕಟೌಟಿನ ಪಾಯಿಂಟ್ ಅಂಟಿಕೊಂಡು ಬ್ಯಾಟರಿಯ ಕರೆಂಟ್ ಡೈನಮೋಗೆ ವಾಪಸ್ ಹರಿಯುವುದುಂಟು. ಇಂಜಿನ್ ನಿಂತ ಮೇಲೂ ಆಂಪಿಯರ್ ಮೀಟರಿನ ಮುಳ್ಳು ಡಿಸ್‌ಚಾರ್ಜ್ ಕಡೆಗೇ ಇದ್ದರೆ, ಡೈನಮೋ ಬಿಸಿಯಾಗಿದ್ದರೆ ಕೂಡಲೇ ಬ್ಯಾಟರಿ ಬಿಚ್ಚಿ. ಹಾಗೇ ಬಿಟ್ಟರೆ ಬೆಂಕಿ ಹತ್ತಬಹುದು.

ಬ್ಯಾಟರಿಯ ತಲೆ ಮೇಲಿನ ಹಸಿ ಕೊಳೆಯೂ ಕರೆಂಟ್ ಸೋರಿಸುತ್ತದೆ. ಒರೆಸಿ ಒಣಗಿಸಿ.

## ಹಂತ 7: ಲೈಟು, ಹಾರ್ನ್, ಮೀಟರ್

ಇಂಡಿಕೇಟರ್ ಹಾಕಿದರೆ ಟೇಲ್ ಲೈಟೂ ಜತೆಗೆ ಮಿಣುಕುತ್ತದೆ, ಬ್ರೇಕ್ ಒತ್ತಿದರೆ ಬೇರೆ ಯಾವುದೋ ಲೈಟ್ ಮಂಕಾಗುತ್ತದೆ: ಇಂಥ ವಿಚಿತ್ರಗಳೆಲ್ಲ ಬಹುತೇಕ ಅರ್ಥ್ ತೊಂದರೆ. ಸರಿಯಾದ ಅರ್ಥ್ ಸಿಗದ ಕರೆಂಟ್ ಇನ್ನೊಂದು ಬಲ್ಬಿನ ಮೂಲಕ ದಾರಿ ಹುಡುಕಿಕೊಂಡು ಹೋಗುತ್ತಿರುತ್ತದೆ. ಲೈಟಿನ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ನೇರ ಒಂದು ವೈರ್ ಹಿಡಿದು ನೋಡಿ. ಬೆಳಕು ಜಾಸ್ತಿ ಆದರೆ ರೋಗ ಸಿಕ್ಕಿತು. ಇಂಡಿಕೇಟರ್ ಒಂದು ಕಡೆ ಮಾತ್ರ ಬೇಗ ಬೇಗ ಮಿನುಗಿದರೆ ಆ ಕಡೆ ಬಲ್ಬ್ ಹೋಗಿದೆ.

ಫ್ಯೂಸ್ ಹಾಕಿದ ಕೂಡಲೇ ಹೋಗುತ್ತಿದ್ದರೆ ಫ್ಯೂಸ್ ಮೇಲೆ ಫ್ಯೂಸ್ ಸುಡಬೇಡಿ. ಆ ಸಾಲಿನ ಲೈಟುಗಳನ್ನೆಲ್ಲ ಆರಿಸಿ ಅಥವಾ ಬಲ್ಬ್ ಬಿಚ್ಚಿ, ಫ್ಯೂಸಿನ ಜಾಗಕ್ಕೆ ಒಂದು ಹೆಡ್‌ಲೈಟ್ ಬಲ್ಬ್ ಸೇರಿಸಿ. ಶಾರ್ಟ್ ಇರುವ ತನಕ ಅದು ಪೂರ್ತಿ ಉರಿಯುತ್ತದೆ, ಆದರೆ ವೈರ್ ಸುಡುವುದಿಲ್ಲ. ಈಗ ಹಾರ್ನೆಸ್ಸನ್ನು (ವೈರುಗಳ ಕಟ್ಟು) ಗೇಣು ಗೇಣು ಅಲ್ಲಾಡಿಸುತ್ತಾ ಬನ್ನಿ. ಸ್ಟೀರಿಂಗ್ ಕೆಳಗೆ, ತಗಡಿನ ತೂತಿನ ಬಳಿ, ಇಲಿ ಕಡಿದ ಜಾಗದಲ್ಲಿ. ಎಲ್ಲಿ ಅಲ್ಲಾಡಿಸಿದಾಗ ಬಲ್ಬ್ ಆರುತ್ತದೋ ಶಾರ್ಟ್ ಅಲ್ಲೇ. 10 ಆಂಪಿಯರ್ ಫ್ಯೂಸ್ ಹೋಗುತ್ತದೆ ಎಂದು 30 ರದು ಹಾಕುವುದು, ತಂತಿ ಸುತ್ತುವುದು ಟ್ರ್ಯಾಕ್ಟರಿಗೇ ಬೆಂಕಿ ಇಟ್ಟಂತೆ.

ಡೀಸೆಲ್ ಮೀಟರ್ ಅಲ್ಲಾಡದಿದ್ದರೆ ಕೀ ಹಾಕಿ, ಟ್ಯಾಂಕಿನ ಮೇಲಿನ ಸೆಂಡರ್ (ಡೀಸೆಲ್ ಮಟ್ಟವನ್ನು ಮೀಟರಿಗೆ ತಿಳಿಸುವ ಭಾಗ) ವೈರ್ ಬಿಚ್ಚಿ, ಟ್ಯಾಂಕಿನಿಂದ ದೂರ ತಂದು ಒಂದು ಕ್ಷಣ ಬಾಡಿಗೆ ತಾಗಿಸಿ. ಮುಳ್ಳು ಒಂದು ತುದಿಗೆ ಓಡಿದರೆ ಮೀಟರೂ ವೈರೂ ಚೆನ್ನಾಗಿವೆ, ಸೆಂಡರ್ ಹೋಗಿದೆ.

## ಹಂತ 8: ವೈರ್ ಬದಲಿಸುವಾಗ

ಮನೆ ವೈರಿಂಗಿಗೆ ಬಳಸುವ ಒಂಟಿ ಎಳೆಯ ಗಟ್ಟಿ ತಂತಿ ಬೇಡ, ಇಂಜಿನ್ ನಡುಕಕ್ಕೆ ಮುರಿಯುತ್ತದೆ. ಸಣ್ಣ ಎಳೆಗಳ ತಾಮ್ರದ ವೈರೇ ಬೇಕು. ಸಣ್ಣ ಲೈಟುಗಳಿಗೆ 1.5 ಚದರ ಮಿಲಿಮೀಟರ್, ಹೆಡ್‌ಲೈಟಿಗೆ 2.5, 12 ವೋಲ್ಟಿನ ಸೆಲ್ಫ್ ಕೇಬಲ್ ಕಡಿಮೆ ಅಂದರೂ 35, ಆದರೆ 50 ಇರಲಿ. ಇಲ್ಲೊಂದು ಎಚ್ಚರಿಕೆ: 6 ವೋಲ್ಟ್ ಗಾಡಿಗೆ ಅರ್ಧ ಮಾಡಬೇಡಿ. ಅದೇ ಕೆಲಸಕ್ಕೆ ಎರಡು ಪಟ್ಟು ಕರೆಂಟ್ ಹರಿಯುವುದರಿಂದ ಕೇಬಲ್ ಇನ್ನೂ ದಪ್ಪ ಇರಬೇಕು.

ತಿರುಚಿ ಟೇಪ್ ಸುತ್ತಿದ ಜೋಡಣೆ ಆರು ತಿಂಗಳಲ್ಲಿ ನಿಮ್ಮನ್ನು ಮತ್ತೆ ಇದೇ ಕೆಲಸಕ್ಕೆ ಕೂರಿಸುತ್ತದೆ. ಲಗ್ ಒತ್ತಿ, ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ತಗಡಿನ ತೂತು ದಾಟುವ ಕಡೆ ರಬ್ಬರ್ ಬುಷ್ ಇರಲಿ, ಸೈಲೆನ್ಸರ್ ಹತ್ತಿರ ಸುಳಿಯದಂತೆ ಕಟ್ಟಿ. ಒಂದು ಸಲಕ್ಕೆ ಒಂದೇ ವೈರ್ ಬದಲಿಸಿ. ಇಡೀ ಹಾರ್ನೆಸ್ ಕಿತ್ತು ರಾಶಿ ಹಾಕಿದರೆ ಯಾವುದು ಎಲ್ಲಿತ್ತು ಎನ್ನುವುದರಲ್ಲೇ ದಿನ ಕಳೆಯುತ್ತದೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ಎಲ್ಲಾ ಮುಗಿದ ಮೇಲೆ ಅರ್ಥ್ ಕ್ಲ್ಯಾಂಪನ್ನು ನೇರವಾಗಿ ಗೂಟಕ್ಕೆ ಕೂರಿಸಬೇಡಿ. ಕೀ, ಸ್ವಿಚ್ ಎಲ್ಲಾ ಆಫ್ ಮಾಡಿ, ಮೊದಲು ನಡುವೆ ಟೆಸ್ಟ್ ಲ್ಯಾಂಪ್ ಸೇರಿಸಿ ನೋಡಿ. ಉರಿದರೆ ಎಲ್ಲೋ ಶಾರ್ಟ್ ಉಳಿದಿದೆ, ಹಂತ 6 ಕ್ಕೆ ವಾಪಸ್. ಉರಿಯದಿದ್ದರೆ ಕ್ಲ್ಯಾಂಪ್ ಬಿಗಿಯಿರಿ, ಹೆಡ್‌ಲೈಟ್ ಹಾಕಿ, ಗೇರ್ ನ್ಯೂಟ್ರಲ್ ನೋಡಿ, ಸೀಟಿನ ಮೇಲೆ ಕೂತು ಕೀ ತಿರುಗಿಸಿ.